ಬಿಸಿನೀರು ಎಲ್ಲರದ್ದು, ಬಿಲ್ಲು ಯಾರದ್ದು?

ಮಡಿಕೇರಿಯಲ್ಲಿ ಅಪಾರ್ಟ್‌ಮೆಂಟಿಗೆ ಬಂದವರು ಮೊದಲು ಕಳೆದುಕೊಳ್ಳುವುದು ಹಂಡೆ ಒಲೆಯನ್ನು. ತೋಟದ ಮನೆಯಲ್ಲಿ ಮರಗಸಿ ಮಾಡಿದ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದ ಸೌದೆ ತುರುಕಿದರೆ ದಿನವಿಡೀ ಬಿಸಿನೀರು. ಇಲ್ಲಿ ಟೆರೇಸಿನ ಮೇಲೆ ಸೋಲಾರ್, ಪಕ್ಕದಲ್ಲಿ ಹೀಟ್ ಪಂಪ್, ಎಲ್ಲಾ ಮನೆಗೂ ಸೇರಿ ಒಂದೇ ಟ್ಯಾಂಕು.

ಕಕ್ಕಡದ, ಅಂದರೆ ಕೊಡಗಿನ ಆಷಾಢದ ಮಳೆಯಲ್ಲಿ ಸೋಲಾರನ್ನು ನಂಬುವಂತಿಲ್ಲ, ಭಾರವೆಲ್ಲ ಹೀಟ್ ಪಂಪಿನ ಮೇಲೆ. ಫ್ರಿಜ್ಜು ಒಳಗಿನ ಶಾಖವನ್ನು ಹೊರಗೆ ಹಾಕುತ್ತದಲ್ವಾ, ಇದು ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತದೆ. ಸಾವಿರ ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಗೀಸರಿಗಾದರೆ ಸುಮಾರು 47 ಯೂನಿಟ್ ಕರೆಂಟ್ ಬೇಕು. ಹೀಟ್ ಪಂಪಿಗೆ ಅದರ ಮೂರನೇ ಒಂದು ಭಾಗದ ಆಸುಪಾಸು ಸಾಕು.

ಆದರೂ ನಮ್ಮಲ್ಲಿ ಬಿಲ್ಲು ಜಾಸ್ತಿ, ನಲ್ಲಿ ನೀರು ಮಾತ್ರ ಉಗುರುಬೆಚ್ಚಗೆ. ದೊಡ್ಡ ಮೆಷಿನ್ ತರೋಣ ಅಂತ ಕಮಿಟಿಯವರ ವಾದ. ನನ್ನ ಪ್ರಕಾರ ಮೆಷಿನ್ ಚೆನ್ನಾಗೇ ಇದೆ, ಕಳ್ಳ ಇರುವುದು ಪೈಪಿನಲ್ಲಿ.

ಯಾರದೋ ಬಾತ್‌ರೂಮಿನಲ್ಲಿ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗೆ ಹ್ಯಾಂಡ್ ಶವರ್ ಸಿಕ್ಕಿಸಿರುತ್ತಾರೆ. ಸ್ನಾನ ಮುಗಿದ ಮೇಲೆ ಶವರಿನ ಬಟನ್ ಒತ್ತಿ ನೀರು ನಿಲ್ಲಿಸುತ್ತಾರೆ, ಬಿಸಿ ತಣ್ಣೀರಿನ ಎರಡೂ ನಲ್ಲಿ ಹಾಗೇ ತೆರೆದಿರುತ್ತವೆ. ತಣ್ಣೀರಿನ ಲೈನಿಗೆ ಪ್ರೆಷರ್ ಪಂಪ್ ಇದ್ದರೆ ಆ ನೀರು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಲೈನಿಗೆ ನುಗ್ಗುತ್ತದೆ. ಒಬ್ಬರ ಮನೆಯ ಶವರು, ಸಾಲು ಮನೆಗಳಿಗೆಲ್ಲ ತಣ್ಣೀರು! ಪತ್ತೆ ಮಾಡುವುದು ಸುಲಭ. ಟ್ಯಾಂಕಿನಿಂದ ಹೊರಡುವ ಬಿಸಿನೀರಿನ ವಾಲ್ವ್ ಮುಚ್ಚಿ, ಕೆಳಗೆ ಒಂದು ಬಿಸಿನೀರಿನ ನಲ್ಲಿ ತಿರುಗಿಸಿ. ಪೈಪಿನಲ್ಲಿ ಉಳಿದ ನೀರು ಖಾಲಿಯಾದ ಮೇಲೂ ಜೋರಾಗಿ ಬರುತ್ತಲೇ ಇದ್ದರೆ ಎಲ್ಲೋ ತಣ್ಣೀರು ಸೇರುತ್ತಿದೆ ಅಂತಲೇ ಲೆಕ್ಕ. ಪ್ರತಿ ಮಿಕ್ಸರಿನ ಹಿಂದೆ ಎರಡೂ ಲೈನಿಗೆ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಒಂದೊಂದು ವಾಲ್ವ್, ಅಂದರೆ ಎನ್‌ಆರ್‌ವಿ ಹಾಕಿಸಿದರೆ ಮುಗೀತು. ಹೊಸ ಹೀಟ್ ಪಂಪಿನ ಬೆಲೆಯ ಮುಂದೆ ಅದು ಏನೂ ಅಲ್ಲ.

ಇನ್ನೊಬ್ಬ ಕಳ್ಳ ರಿಟರ್ನ್ ಲೈನ್, ಅಂದರೆ ಬಳಸದೆ ಉಳಿದ ಬಿಸಿನೀರನ್ನು ಟ್ಯಾಂಕಿಗೆ ವಾಪಸ್ ಒಯ್ಯುವ ಪೈಪು. ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬರಲಿ ಅಂತ ಸಣ್ಣ ಪಂಪೊಂದು ನೀರನ್ನು ಸುತ್ತಿಸುತ್ತಲೇ ಇರುತ್ತದೆ. ಟೆರೇಸಿನ ಪೈಪಿಗೆ ಸುತ್ತಿದ ಕಪ್ಪು ಫೋಮ್ ಬಿರುಕು ಬಿಟ್ಟು ಮಳೆನೀರು ಕುಡಿದಿದ್ದರೆ ಅದು ಇದ್ದೂ ಇಲ್ಲದ ಹಾಗೆ, ರಾತ್ರಿಯೆಲ್ಲ ಶಾಖ ಮಂಜಿಗೆ ಹೋಗುತ್ತದೆ. ಈ ಊರಲ್ಲಿ ಫೋಮಿನ ಮೇಲೆ ಅಲ್ಯೂಮಿನಿಯಂ ಶೀಟಿನ ಹೊದಿಕೆ ಬೇಕೇ ಬೇಕು. ಉಳಿಸುವ ಆಸೆಗೆ ಟ್ಯಾಂಕನ್ನು 45 ಡಿಗ್ರಿಗೆ ಇಳಿಸುವವರೂ ಇದ್ದಾರೆ, ಅದು ಬೇಡ. ಅಷ್ಟು ಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಅನ್ನುವ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಟ್ಯಾಂಕು 60ರಲ್ಲೇ ಇರಲಿ.

ಬೇಸತ್ತು ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಹಾಕಿಸಿಕೊಳ್ಳುವವರಿಗೆ ಒಂದು ಮಾತು. ಚಳಿಗೆ ಕಿಟಕಿ ಮುಚ್ಚಿ ಸ್ನಾನಕ್ಕೆ ನಿಂತರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಪ್ರಾಣ ತೆಗೆಯುತ್ತದೆ. ಹಾಕಿಸಲೇಬೇಕಿದ್ದರೆ ಹೊರಗೆ, ಗಾಳಿಯಾಡುವ ಕಡೆ.

ಇನ್ನು ಬಿಲ್ಲು. ಬೆಂಗಳೂರಿನಲ್ಲಿದ್ದು ಇಲ್ಲಿ ಮನೆಗೆ ಬೀಗ ಹಾಕಿದವರು, ನಾವು ಬಳಸುವುದೇ ಇಲ್ಲ, ಯಾಕೆ ಕೊಡಬೇಕು ಅನ್ನುತ್ತಾರೆ. ಅವರ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಆದರೆ ಪೈಪಿನಲ್ಲಿ ಸೋರುವ ಶಾಖ ಯಾರು ಸ್ನಾನ ಮಾಡಿದರು ಅಂತ ನೋಡುವುದಿಲ್ಲ. ಜರ್ಮನಿಯಲ್ಲಿ ಬಿಸಿನೀರು ಹರಿಸಿ ಇಡೀ ಕಟ್ಟಡವನ್ನೇ ಬೆಚ್ಚಗಿಡುತ್ತಾರೆ, ಅಲ್ಲೂ ಇದೇ ಜಗಳ ಇದ್ದಿರಬೇಕು. ಅಲ್ಲಿ 1981ರಲ್ಲಿ ಬಂದ ನಿಯಮದಂತೆ ಖರ್ಚಿನ ಶೇ 50ರಿಂದ 70ರಷ್ಟು ಬಳಕೆಯ ಮೇಲೆ, ಉಳಿದದ್ದು ಹೆಚ್ಚಾಗಿ ಮನೆಯ ಅಳತೆಯ ಮೇಲೆ. ನಮ್ಮಲ್ಲೂ ಹಾಗೇ ಮಾಡೋಣ ಅಂತ ಮೀಟಿಂಗಿನಲ್ಲಿ ಹೇಳಿದ್ದೇನೆ. ಅದಕ್ಕೆ ಮನೆಗೊಂದು ಮೀಟರ್ ಬೇಕು, ಅದೂ ಬಿಸಿನೀರಿಗೆಂದೇ ಮಾಡಿದ್ದು. ಮಾಮೂಲಿ ತಣ್ಣೀರಿನ ಮೀಟರ್ ಸಾಕು ಅಂದ ಪ್ಲಂಬರ್ ಮಾತು ಕೇಳಬೇಡಿ, ಒಳಗಿನ ಪ್ಲಾಸ್ಟಿಕ್ ಆ ಬಿಸಿ ತಡೆಯುವುದಿಲ್ಲ.