ಮಿಸ್ ಆದ್ಮೇಲಿನ ಆ ಎರಡು ಸೆಕೆಂಡು

ಸಂಜೆ ಐದೂವರೆಗೆ ಮಂಡ್ಯದ ನಮ್ಮ ಬ್ಯಾಸ್ಕೆಟ್‌ಬಾಲ್ ಕೋರ್ಟಿಗೆ ಬರೋ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಬ್ಯಾಗ್ ಇಟ್ಟಿದ್ದೇ ತಡ ಚೆಂಡು ತಗೊಂಡು ಸೀದಾ ತ್ರೀ ಪಾಯಿಂಟ್ ಗೆರೆಗೆ ಓಡ್ತಾರೆ. ಆ ಗೆರೆ ಆಚೆಯಿಂದ ಹಾಕಿದ್ರೆ ಮೂರು ಪಾಯಿಂಟು. ಅದು ರಿಂಗಿಂದ 6.75 ಮೀಟರ್ ದೂರ, ರಿಂಗ್ ಇರೋದು 3.05 ಮೀಟರ್ ಎತ್ತರದಲ್ಲಿ. ಹನ್ನೊಂದು ವರ್ಷದ ಮಗು ತೋಳಲ್ಲಿ ಅಷ್ಟು ಬಲ ಎಲ್ಲಿಂದ ಬರ್ಬೇಕು, ಅದಕ್ಕೆ ಸೊಂಟದ ಹತ್ರದಿಂದ ಎರಡೂ ಕೈಲಿ ಎತ್ತಿ ಒಗೀತಾರೆ, ಹತ್ತರಲ್ಲಿ ಒಂದು ಬಿದ್ರೆ ಕುಣೀತಾರೆ. ಆ ಒಂದು ಬೀಳೋದೇ ನಂಗೆ ಭಯ, ಯಾಕಂದ್ರೆ ಮೈ ಅದನ್ನೇ ಕಲ್ತುಬಿಡುತ್ತೆ, ಆಮೇಲೆ ಬಿಡ್ಸೋಕೆ ಎರಡು ವರ್ಷ ಬೇಕು.

ಅದಕ್ಕೆ ಚಿಕ್ಕವರಿಗೆ 5ನೇ ಸೈಜಿನ ಸಣ್ಣ ಚೆಂಡು ಕೊಟ್ಟು ರಿಂಗಿಂದ ಎರಡೇ ಹೆಜ್ಜೆ ದೂರ ನಿಲ್ಲಿಸ್ತೀನಿ. ಒಂದೇ ಕೈ, ಮೊಣಕೈ ಚೆಂಡಿನ ಕೆಳಗೆ, ಕೊನೇಲಿ ಮಣಿಕಟ್ಟು ಬಗ್ಗಬೇಕು. ಚೆಂಡು ಯಾಕೆ ಮೇಲೆ ಹೋಗಿ ಇಳೀಬೇಕು ಅಂತ ಕೇಳಿದ್ರೆ ಒಂದು ಬಳೆ ತೋರಿಸ್ತೀನಿ. ಮೇಲಿಂದ ನೋಡಿದ್ರೆ ದುಂಡಗಿರುತ್ತೆ, ಓರೆ ಮಾಡ್ತಾ ಹೋದ್ರೆ ತೆಳ್ಳಗೆ ಸೀಳಿನ ಥರ ಆಗುತ್ತೆ. ರಿಂಗ್ 45 ಸೆಂಟಿಮೀಟರ್ ಅಗಲ ಇದ್ರೂ ನೇರವಾಗಿ ಹೊಡೆದ ಚೆಂಡಿಗೆ ಕಾಣೋದು ಆ ಸೀಳೇ.

ಎಡಗೈ ಇನ್ನೊಂದು ಕಥೆ. ಎಡಗೈಲಿ ಕೊಡ್ಬೇಡ, ಎಡಗೈಲಿ ತಗೋಬೇಡ ಅಂತ ಮನೇಲಿ ಕೇಳ್ಕೊಂಡೇ ಬೆಳ್ದಿರ್ತಾರಲ್ಲ, ಕೋರ್ಟಲ್ಲೂ ಆ ಕೈ ಎತ್ತೋಕೆ ಸಂಕೋಚ. ಎಡಗಡೆಯಿಂದ ನುಗ್ಗಿದ್ರೆ ಬಲಗಾಲಲ್ಲಿ ಎಗರಿ ಎಡಗೈಲಿ ಲೇಅಪ್, ಅಂದ್ರೆ ಓಡ್ತಾ ಬಂದು ರಿಂಗ್ ಹತ್ರ ಎಗರಿ ಹಾಕೋ ಶಾಟ್, ಹಾಕ್ಬೇಕು, ಇಲ್ಲಾಂದ್ರೆ ಒಳಗಡೆ ನಿಂತಿರೋ ಡಿಫೆಂಡರ್ ಕೈಗೇ ಚೆಂಡು ಕೊಟ್ಟಂಗೆ. ಮೊದಲು ಚೆಂಡಿಲ್ಲದೆ ಬರೀ ಹೆಜ್ಜೆ ಮಾಡಿಸಿ, ಬೇಗ ಬರುತ್ತೆ.

ಆದ್ರೆ ನಾನು ಬರೀಬೇಕು ಅಂತ ಕೂತಿದ್ದು ಬೇರೆ ವಿಷ್ಯಕ್ಕೆ. ಹೋದ ವರ್ಷ ಮೈಸೂರಲ್ಲಿ ಒಂದು ಸ್ಕೂಲ್ ಮ್ಯಾಚು, ನಮ್ಮ ಹುಡುಗಿಗೆ ಕೊನೇ ನಿಮಿಷದಲ್ಲಿ ಎರಡು ಫ್ರೀ ಥ್ರೋ (ಎದುರಿನವರು ಫೌಲ್ ಮಾಡಿದಾಗ ಗೆರೆ ಹತ್ರ ನಿಂತು ಯಾರೂ ಅಡ್ಡ ಬರದೆ ಹಾಕೋ ಶಾಟ್) ಸಿಕ್ತು, ಎರಡೂ ಮಿಸ್ಸು, ಒಂದು ಪಾಯಿಂಟಲ್ಲಿ ಸೋತ್ವಿ. ಎಲ್ಲರ ಎದುರಿಗೆ ನಾನು ಕೂಗಾಡ್ಬಿಟ್ಟೆ. ನಾಲ್ಕು ದಿನ ಅವಳು ಬರ್ಲಿಲ್ಲ, ಐದನೇ ದಿನ ಅವರಪ್ಪ ಬಂದು 'ಸಾರ್, ಮಗಿ ಅವತ್ತು ರಾತ್ರಿ ಉಣ್ಲಿಲ್ಲ ಕಣ್ ಸಾರ್' ಅಂದ್ರು. ಆ ಮಾತು ನಂಗೆ ಇನ್ನೂ ಚುಚ್ಚುತ್ತೆ.

ತಪ್ಪು ನನ್ನ ಪ್ರಾಕ್ಟೀಸಲ್ಲೇ ಇತ್ತು. ಆರಾಮಾಗಿ ನಿಂತು ಒಂದೇ ಸಮ ಐವತ್ತು ಫ್ರೀ ಥ್ರೋ ಹಾಕಿಸ್ತಿದ್ದೆ. ಮ್ಯಾಚಲ್ಲಿ ಹಂಗೆಲ್ಲಿ ಸಿಗುತ್ತೆ? ಏದುಸಿರು ಬಿಡ್ತಿರೋವಾಗ ಎರಡೇ ಎರಡು ಸಿಗೋದು, ರೆಫರಿ ಚೆಂಡು ಕೊಟ್ಮೇಲೆ 5 ಸೆಕೆಂಡ್ ಒಳಗೆ ಹಾಕ್ಬೇಕು. ಈಗ 28 ಮೀಟರ್ ಕೋರ್ಟಲ್ಲಿ ಎರಡು ಸಲ ಹೋಗಿ ಬಂದು ತಕ್ಷಣ ಎರಡು ಥ್ರೋ, ಮುಂದಿನವರು ಬನ್ನಿ ಅಷ್ಟೇ. ಗೆರೆ ಹತ್ರ ಪ್ರತಿ ಸಲ ಅದೇ ಅಭ್ಯಾಸ, ಉಸಿರು ಪೂರ್ತಿ ಬಿಡೋದು, ಎರಡು ಸಲ ಪುಟಿಸೋದು, ರಿಂಗ್ ನೋಡೋದು, ಹಾಕೋದು.

ಮಿಸ್ ಆದ್ಮೇಲೆ ಮಗು ಎಲ್ಲಿ ನೋಡುತ್ತೆ ಅಂತ ಗಮನಿಸೋಕೆ ಶುರು ಮಾಡ್ದೆ. ಕೆಲವರು ನನ್ನ ಮುಖ ನೋಡ್ತಾರೆ, ಕೆಲವರು ಕಲ್ಲುಬೆಂಚಲ್ಲಿ ಕೂತಿರೋ ಅಪ್ಪನ್ನ. ಅಷ್ಟರಲ್ಲಿ ಎದುರಿನವರು ರೀಬೌಂಡ್, ಅಂದ್ರೆ ಮಿಸ್ ಆಗಿ ವಾಪಸ್ ಪುಟಿದ ಚೆಂಡು, ಹಿಡಿದು ಅರ್ಧ ಕೋರ್ಟ್ ದಾಟಿರ್ತಾರೆ. ಇವರ ಹೀರೋ, ಅಮೆರಿಕದ ಆಟಗಾರ ಸ್ಟೀಫನ್ ಕರಿ ಹಾಕೋ ತ್ರೀ ಪಾಯಿಂಟಲ್ಲೂ ಅರ್ಧಕ್ಕಿಂತ ಜಾಸ್ತಿ ಮಿಸ್ಸೇ ಅಂದಾಗ ನಂಬೋದೇ ಇಲ್ಲ, ಮೊಬೈಲಲ್ಲಿ ಬಿದ್ದಿದ್ದು ಮಾತ್ರ ನೋಡಿರ್ತಾರಲ್ಲ. ಅಪ್ಪ ಅಮ್ಮಂದಿರಿಗೂ ಒಂದು ಮಾತು, ಸ್ಕೂಟರಲ್ಲಿ ಮನೆಗೆ ಹೋಗ್ತಾ ಎಷ್ಟು ಬ್ಯಾಸ್ಕೆಟ್ ಹಾಕ್ದೆ ಅಂತ ಮೊದಲು ಕೇಳ್ಬೇಡಿ ದಯವಿಟ್ಟು.

ಆ ಹುಡುಗಿ ವಾಪಸ್ ಬಂದ್ಲು. ಅವಳ ಹತ್ರ ಕ್ಷಮೆ ಕೇಳ್ದೆ, ಟೀಮ್ ಎದುರಿಗೇ. ಮೊನ್ನೆ ಶನಿವಾರದ ಮ್ಯಾಚಲ್ಲಿ ಮತ್ತೆ ಎರಡು ಫ್ರೀ ಥ್ರೋ ಸಿಕ್ತು. ಮೊದಲನೇದು ಬಿತ್ತು, ಎರಡನೇದು ರಿಂಗಿಗೆ ಬಡಿದು ಆಚೆ ಹೋಯ್ತು. ನನ್ನ ಕಡೆ ತಿರುಗ್ಲೇ ಇಲ್ಲ. ಎದುರಿನವರು ಚೆಂಡು ತಗೊಂಡು ನಮ್ಮ ರಿಂಗ್ ಹತ್ರ ಬರೋ ಹೊತ್ತಿಗೆ ಇವಳು ಆಗ್ಲೇ ಅಲ್ಲಿ ಕೈ ಎತ್ಕೊಂಡು ನಿಂತಿದ್ಲು.