ಇಳಿಜಾರಿನ ಮನೆ: ರಟ್ಟಿನ ಮಾದರಿ ಮೂರನೆಯ ಸಲ ಒಡೆದದ್ದು

ಪಾಂಡವಪುರದ ಕಡೆ, ಕುಂತಿಬೆಟ್ಟ ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ನಮ್ಮ ಪಾಲಿಗೆ ಬಂದ ಇಪ್ಪತ್ತು ಗುಂಟೆ ಇದೆ. ಪಾಲು ಹಂಚುವಾಗ ದೊಡ್ಡಪ್ಪಂದಿರು ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ ಇಟ್ಟುಕೊಂಡು, ಹುರುಳಿಯೂ ಸರಿಯಾಗಿ ಬಾರದ ಈ ಗುಡ್ಡದ ಓರೆಯನ್ನು ಅಪ್ಪನಿಗೆ ಬಿಟ್ಟುಕೊಟ್ಟರು. ಲಂಟಾನ, ಕಳ್ಳಿ, ಎರಡು ಹೊಂಗೆ ಮರ, ಆನೆ ಮಲಗಿದಂಥ ಒಂದು ಬಂಡೆ. ಮೈಸೂರಿನಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಬಂದ ಮೇಲೆ ಊಟದ ಮೇಜಿನ ಮೇಲೆ ಅಲ್ಲಿಗೊಂದು ಮನೆ ಕಟ್ಟುತ್ತಿದ್ದೇನೆ. ಸದ್ಯಕ್ಕೆ ರಟ್ಟಿನಲ್ಲಿ.

ಆಗಸ್ಟ್

ಮೊದಲು ನೆಲವನ್ನು ಅಳೆದೆ. ನೀರು ತುಂಬಿದ ಲೆವೆಲ್ ಪೈಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ. ಎರಡು ಭಾನುವಾರ ಮುಳ್ಳು ತರಚಿಸಿಕೊಂಡು ಸಿಕ್ಕ ಲೆಕ್ಕ ಇಷ್ಟು: ಮೇಲಿನ ರಸ್ತೆಯಿಂದ ಪೂರ್ವಕ್ಕೆ 72 ಅಡಿ ನಡೆದರೆ ನೆಲ 12 ಅಡಿ ಇಳಿಯುತ್ತದೆ. ಆರಕ್ಕೆ ಒಂದು. ಎರಡೆರಡು ಅಡಿ ಇಳಿದಲ್ಲೆಲ್ಲ ಗೂಟ ಹೊಡೆದು, ಒಂದೇ ಮಟ್ಟದ ಗೂಟಗಳನ್ನು ಕಾಗದದ ಮೇಲೆ ಗೆರೆಯಾಗಿ ಸೇರಿಸಿದೆ. ಮಾದರಿಗೆ ಒಂದು ಅಂಗುಲಕ್ಕೆ ಹತ್ತು ಅಡಿಯ ಅಳತೆ ಹಿಡಿದದ್ದಕ್ಕೆ ಕಾರಣ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ದಪ್ಪದ ರಟ್ಟು: ಒಂದು ಪದರ ಎಂದರೆ ಹೆಚ್ಚುಕಡಿಮೆ ಎರಡು ಅಡಿ ಏರು. ಪೂರ್ವಕ್ಕೆ ಇಳಿಜಾರು ಶುಭವೆಂದು ವಾಸ್ತು ಬಲ್ಲ ಸೋದರಮಾವ ಒಪ್ಪಿದ್ದರಿಂದ ಮನೆಯಲ್ಲಿ ಆ ಮಟ್ಟಿಗೆ ಶಾಂತಿ.

ನೆಲ ತೋರಿಸಲು ಕರೆದ ಮೇಸ್ತ್ರಿ ಮಾತ್ರ ಒಪ್ಪಲಿಲ್ಲ. “ಜೆಸಿಬಿ ಕರೆಸಿ ಸ್ವಾಮಿ, ಅರ್ಧ ದಿನದಲ್ಲಿ ಅಂಗೈ ಹಾಗೆ ಮಾಡಿಸಿಕೊಡುತ್ತೇನೆ. ಆಮೇಲೆ ಎಂಥ ಮನೆ ಬೇಕಾದರೂ ಕಟ್ಟಿ” ಎಂದರು. ನನ್ನ ಮನೆಯ ಉದ್ದ 54 ಅಡಿ. ಅಷ್ಟನ್ನೂ ಸಮ ಮಾಡಬೇಕಾದರೆ ಮೇಲ್ಗಡೆ ನಾಲ್ಕೂವರೆ ಅಡಿ ಕಡಿದು, ಆ ಮಣ್ಣನ್ನು ಕೆಳಗಡೆ ನಾಲ್ಕೂವರೆ ಅಡಿ ತುಂಬಬೇಕು. ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ಮನೆ ತುಂಬುಮಣ್ಣಿನ ಮೇಲೆ ನಿಂತರೆ ಗೋಡೆ ನಡುವೆಯೇ ಬಿರಿಯುತ್ತದೆ. ಅದಕ್ಕೇ ಮನೆಯನ್ನು 18 ಅಡಿಯ ಮೂರು ತುಂಡು ಮಾಡಿ, ಒಂದಕ್ಕಿಂತ ಒಂದನ್ನು ಮೂರು ಅಡಿ ಕೆಳಗಿಟ್ಟೆ. ಈಗ ಎಲ್ಲಿಯೂ ಒಂದೂವರೆ ಅಡಿಗಿಂತ ಹೆಚ್ಚು ಅಗೆಯಬೇಕಾಗಿಲ್ಲ. ತುಂಡಿನಿಂದ ತುಂಡಿಗೆ ಆರು ಅಂಗುಲದ ಆರು ಮೆಟ್ಟಿಲು.

ಅಮ್ಮ ಮಾದರಿಯನ್ನು ನೋಡಿ, ಬೆರಳಿನಿಂದ ಮೆಟ್ಟಿಲು ಎಣಿಸಿ, “ಹನ್ನೆರಡು. ನನ್ನ ಮಂಡಿಯನ್ನು ಯಾರಾದರೂ ಕೇಳಿದಿರಾ?” ಎಂದರು. ಯಾರೂ ಕೇಳಿರಲಿಲ್ಲ. ಎರಡನೆಯ ಮಾದರಿಯಲ್ಲಿ ಅವರ ಕೋಣೆ, ಅಡುಗೆಮನೆ, ಬಚ್ಚಲು, ಜಗುಲಿ ನಾಲ್ಕೂ ರಸ್ತೆಯ ಮಟ್ಟದ ಮೇಲಿನ ತುಂಡಿಗೆ ಬಂದವು. ನನ್ನ ಪುಸ್ತಕ, ಮಕ್ಕಳ ಗಲಾಟೆ ಕೆಳಗಿಳಿದವು.

ಸೆಪ್ಟೆಂಬರ್

ತಿಂಗಳೆಲ್ಲ ಸೂರಿನ ಚಿಂತೆ. ರಸ್ತೆ ಮೇಲ್ಗಡೆ ಇರುವುದರಿಂದ ಹೋಗಿಬರುವವರಿಗೆ ಕಾಣುವುದು ಗೋಡೆಯಲ್ಲ, ಸೂರು. ಅದು ಗುಡ್ಡಕ್ಕೆ ಹೊಂದಿದರೆ ಮನೆ ಹೊಂದಿದಂತೆ. ಮಂಗಳೂರು ಹೆಂಚು ನನ್ನ ಆಸೆ. ಆದರೆ ಹೆಂಚಿಗೆ ಮೂವತ್ತು ಡಿಗ್ರಿಯಷ್ಟಾದರೂ ಓರೆ ಬೇಕು, ಇಲ್ಲದಿದ್ದರೆ ಗಾಳಿಮಳೆ ಒಳಗೆ ನುಗ್ಗುತ್ತದೆ. ನನ್ನ ನೆಲದ ಓರೆ ಹತ್ತು ಡಿಗ್ರಿಗೂ ಕಡಿಮೆ. ಹೆಂಚಿನ ಸೂರು ಇಟ್ಟು ನೋಡಿದರೆ ಗುಡ್ಡಕ್ಕೆ ಟೋಪಿ ಹಾಕಿದಂತಿತ್ತು. ಹುಲ್ಲು ಬೆಳೆಸುವ ಸೂರಿನ ಚಿತ್ರಗಳನ್ನು ತಮ್ಮ ದಿನವೂ ಮೊಬೈಲಿಗೆ ಕಳುಹಿಸುತ್ತಿದ್ದ. ಮಂಡ್ಯದ ಏಪ್ರಿಲ್‌ನಲ್ಲಿ ಆ ಹುಲ್ಲಿಗೆ ನೀರು ಹೊರುವವನು ನೀನೇ ಎಂದು ನಾನು ಹೇಳಿದಾಗ ನಿಲ್ಲಿಸಿದ.

ಕೊನೆಗೆ ಮೂರು ಚಪ್ಪಟೆ ತಾರಸಿ, ಮೆಟ್ಟಿಲಿನಂತೆ. ಹೆಂಚು ಬಂದದ್ದು ಕಾಂಕ್ರೀಟಿನ ಹೊಟ್ಟೆಯೊಳಕ್ಕೆ: ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕೆಳಭಾಗದಲ್ಲಿ ಹೆಂಚು ತುಂಬಿ ಸ್ಲ್ಯಾಬ್ ಹಾಕಿದರೆ ಕಾಂಕ್ರೀಟು ಉಳಿಯುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ವಿಧಾನ. ತಿರುವನಂತಪುರದಲ್ಲಿ ಅವರ ಸ್ವಂತ ಮನೆ ‘ಹ್ಯಾಮ್ಲೆಟ್’ ಕೂಡ ಕಲ್ಲುಗುಡ್ಡದ ಓರೆಯಲ್ಲೇ ಇದೆ. ನಾನು ಎಣಿಸದೆ ದೊರೆತ ಲಾಭವೊಂದಿದೆ. ತಾರಸಿಗಳ ನಡುವಿನ ಮೂರಡಿ ಎತ್ತರದ ಸಂದು ಪೂರ್ವಕ್ಕೆ ತೆರೆಯುತ್ತದೆ; ಅಲ್ಲಿ ಕಿಟಕಿ ಇಟ್ಟರೆ ಬೆಳಗಿನ ಬಿಸಿಲು ಒಳಗೆ, ಮಧ್ಯಾಹ್ನದ ಬಿಸಿಗಾಳಿ ಹೊರಗೆ. ಪಶ್ಚಿಮದ ಗೋಡೆಗೆ ಕಿಟಕಿಗಳೇ ಕಡಿಮೆ. ಗೋಡೆಗೆ ಅಲ್ಲಿಯದೇ ಕೆಮ್ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ. ಗಿಲಾವು, ಬಣ್ಣ ಎರಡೂ ಬೇಡ.

ಅಕ್ಟೋಬರ್

ಒಂದು ಶನಿವಾರ ಸಂಜೆ ಗುಡುಗು ಶುರುವಾದಾಗ ನಾನು ಅಲ್ಲಿಯೇ ಇದ್ದೆ. ಓಡಿಹೋಗಿ ಕಾರಿನಲ್ಲಿ ಕುಳಿತೆ, ಆಮೇಲೆ ಬುದ್ಧಿ ಬಂದು ಕೊಡೆ ಹಿಡಿದು ಇಳಿದೆ. ಎರಡು ತಿಂಗಳು ಅಳೆದರೂ ಕಾಣದಿದ್ದದ್ದು ಹತ್ತು ನಿಮಿಷದಲ್ಲಿ ಕಂಡಿತು. ರಸ್ತೆಯ ಮೋರಿಯಿಂದ ಉಕ್ಕಿದ ಕೆಂಪು ನೀರು ಬಂಡೆಯ ಮೈ ಸವರಿ, ಎಡಕ್ಕೆ ತಿರುಗಿ, ನಾನು ಅಡುಗೆಮನೆಗೆಂದು ಹೊಡೆದಿದ್ದ ನಾಲ್ಕು ಗೂಟಗಳ ಮಧ್ಯೆ ನೆಟ್ಟಗೆ ಹರಿಯಿತು. ಪಾದ ಮುಳುಗುವಷ್ಟು. ಎರಡು ಗೂಟ ಕಿತ್ತುಹೋದವು.

ಮೇಲೆ ಅಡ್ಡಗೋಡೆ ಕಟ್ಟಿ ನೀರನ್ನು ಪಕ್ಕದವರ ಹೊಲಕ್ಕೆ ತಿರುಗಿಸುವುದು ಸುಲಭ. ಜಗಳವೂ ಅಷ್ಟೇ ಸುಲಭ. ಭಾನುವಾರ ಮೂರನೆಯ ಮಾದರಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ನೀರು ಹರಿದ ಜಾಗದಲ್ಲಿ ನಾಲ್ಕು ಅಡಿ ಅಗಲದ ಕಲ್ಲುಹಾಸಿನ ಕಾಲುವೆ, ಮೇಲೆ ಆಕಾಶ. ನಮ್ಮ ಹಳೆಯ ತೊಟ್ಟಿಮನೆಯ ತೊಟ್ಟಿಯನ್ನು ಹಿಡಿದು ಉದ್ದಕ್ಕೆ ಎಳೆದಂತೆ. ಉತ್ತರಕ್ಕೆ ಅಮ್ಮನ ಕೋಣೆ ಮತ್ತು ಬಚ್ಚಲು, ದಕ್ಷಿಣಕ್ಕೆ ಉಳಿದ ಮನೆ, ನಡುವೆ ಮಾಡು ಹೊದ್ದ ಚಪ್ಪಡಿಯ ಸೇತುವೆ, ಮೆಟ್ಟಿಲಿಲ್ಲದೆ. ಬಂಡೆಯನ್ನು ಮನೆಯೊಳಕ್ಕೆ ಸೇರಿಸಿಕೊಳ್ಳುವ ಆಸೆಯನ್ನೂ ಅಂದೇ ಬಿಟ್ಟೆ: ಕಲ್ಲಿಗೂ ಗೋಡೆಗೂ ನಡುವಿನ ಸಂದಿನಲ್ಲಿ ನೀರು ಜಿನುಗುವುದನ್ನು ಯಾವ ಗಾರೆಯೂ ಪೂರಾ ತಡೆಯದು. ಅದು ಕಾಲುವೆಯ ತಲೆಯಲ್ಲಿ, ಮನೆಗಿಂತ ಒಂದಿಷ್ಟು ಎತ್ತರವಾಗಿಯೇ ಉಳಿಯುತ್ತದೆ.

ನವೆಂಬರ್, ಮೊದಲ ವಾರ

ಸಂಪಿನ ಲೆಕ್ಕ ಮುಗಿಯಿತು. ತಾರಸಿ ಸುಮಾರು 110 ಚದರ ಮೀಟರ್, ನಮ್ಮ ಕಡೆಯ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ.; ಐದರಲ್ಲೊಂದು ಪಾಲು ಪೋಲಾದರೂ 60 ಸಾವಿರ ಲೀಟರ್ ಸಿಗುತ್ತದೆ. ಕಾಲುವೆಯ ಕೆಂಪು ನೀರು ಸಂಪಿಗಲ್ಲ, ಕೆಳಗಿನ ಹೊಂಗೆ ಮರದ ಹತ್ತಿರದ ಇಂಗುಗುಂಡಿಗೆ.

ಮೇಸ್ತ್ರಿ ಮೊನ್ನೆ ಮನೆಗೆ ಬಂದು ನಾಲ್ಕನೆಯ ಮಾದರಿಯನ್ನು ಸುತ್ತುಹಾಕಿ ನೋಡಿದರು. ಮೇಲಿನಿಂದ ಒಂದು ಲೋಟ ನೀರು ಸುರಿಯಲೇ ಎಂದು ಕೇಳಿದರು. ರಟ್ಟು ನೆನೆಯುತ್ತದೆ ಎಂದೆ. “ಹಾಗಾದರೆ ಸಾಸಿವೆ ಕೊಡಿ” ಎಂದರು. ಅಮ್ಮ ಡಬ್ಬಿ ತಂದರು. ಸಾಸಿವೆ ಬಂಡೆಯನ್ನು ಬಳಸಿ ಕಾಲುವೆಗಿಳಿಯಿತು. ಏಳೆಂಟು ಕಾಳು ಮಾತ್ರ ಅಮ್ಮನ ಕೋಣೆಯ ಬಾಗಿಲಿನಲ್ಲಿ ನಿಂತವು. ಆ ಹೊಸಿಲನ್ನು ಇನ್ನೂ ಅರ್ಧ ಅಡಿ ಎತ್ತರಿಸಬೇಕು. ಎತ್ತರಿಸಿದರೆ ಅದು ಮತ್ತೆ ಒಂದು ಮೆಟ್ಟಿಲು.