ಇಂಟರ್ನೆಟ್ ಇತ್ತು, ಇಲ್ಲ ಅಂತಿತ್ತು

ಒಮ್ಮೆ ಪ್ರಿಂಟರ್ ಸರಿ ಮಾಡಿಕೊಟ್ಟ ತಪ್ಪಿಗೆ ನಾನು ನಮ್ಮ ಕುಟುಂಬದ ಕಂಪ್ಯೂಟರ್ ಡಾಕ್ಟರ್ ಆಗಿಬಿಟ್ಟೆ. ಓದಿದ್ದು ಬಿಕಾಂ. ಮಂಗಳೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ಆ ಪ್ರಿಂಟರಿನಲ್ಲೂ ನಾನು ಮಾಡಿದ್ದು ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದದ್ದು ಅಷ್ಟೆ. ಆದರೆ ಒಮ್ಮೆ ಬಂದ ಹೆಸರು ಸುಲಭಕ್ಕೆ ಹೋಗುವುದಿಲ್ಲ.

ತುಳುನಾಡಿನಲ್ಲಿ ಕಹಿ ಕಷಾಯ ಕುಡಿಯುವ ಆಟಿ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. ಅವಳ ಮನೆ ಉಡುಪಿ ಹತ್ತಿರ, ಸಂತೆಕಟ್ಟೆಯಿಂದ ಸ್ವಲ್ಪ ಒಳಗೆ. "ನಾಳೆ ಕಷಾಯಕ್ಕೆ ಹೇಗೂ ಬರುವವನಲ್ವಾ, ಇವತ್ತೇ ಬಾ ಮಾರಾಯ. ಇವಳ ಲ್ಯಾಪ್‌ಟಾಪಿನಲ್ಲಿ ಇಂಟರ್ನೆಟ್ ಬರುವುದಿಲ್ಲ. ಸಿಇಟಿ ಆಪ್ಷನ್ ಎಂಟ್ರಿಗೆ ನಾಳೆ 11 ಗಂಟೆ ಲಾಸ್ಟ್" ಅಂದಳು. ಹಿಂದಿನಿಂದ ಅಕ್ಕನ ಮಗಳು ಅಳುವ ಹಾಗೆ ಏನೋ ಹೇಳುತ್ತಿದ್ದಳು. ನಲವತ್ತು ಐವತ್ತು ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸುವ ಕೆಲಸ ಅದು. ಫೋನಿನ ಪುಟ್ಟ ಪರದೆಯಲ್ಲಿ ಮಾಡಲು ಹೋದರೆ ಹೆಬ್ಬೆರಳು ತಾಗಿ ಮೂರನೆಯದು ಮೂವತ್ತನೆಯದಾಗುತ್ತದೆ ಎಂದು ಅವಳಿಗೆ ಭಯ.

ಎಕ್ಸ್‌ಪ್ರೆಸ್ ಬಸ್ ಹತ್ತಿದೆ. ಕಿಟಕಿಯ ಟಾರ್ಪಾಲು ಕೆಳಗಿಳಿಸಿದರೂ ಪಡುಬಿದ್ರಿ ದಾಟುವಾಗ ಒಂದು ಭುಜ ಪೂರ್ತಿ ಒದ್ದೆ.

ಮನೆಯಲ್ಲಿ ಎಲ್ಲರೂ ಕಾರಣವನ್ನು ಆಗಲೇ ಕಂಡುಹಿಡಿದು ಕೂತಿದ್ದರು. ಹಿಂದಿನ ಸಂಜೆಯ ಗಾಳಿಗೆ ತೆಂಗಿನ ಮಡಲು ಬಿದ್ದು ಫೈಬರ್ ವಯರ್ ತುಂಡಾಗಿತ್ತಂತೆ. ಬ್ರೌಸರ್ ತೆರೆದರೆ ನೆಟ್ ಇಲ್ಲದಾಗ ಕ್ರೋಮ್ ತೋರಿಸುವ ಡೈನೋಸಾರ್ ಆಟ. ಅಕ್ಕನ ಮಗ ರಾತ್ರಿ ಊಟಕ್ಕೂ ಏಳದೆ ಅದನ್ನೇ ಹಾರಿಸುತ್ತಾ ಕೂತಿದ್ದನಂತೆ. ಬೆಳಿಗ್ಗೆ ಕೇಬಲಿನ ಹುಡುಗ ಬಂದು ವಯರ್ ಜೋಡಿಸಿ ಹೋದ. ಅದಾದ ಮೇಲೆ ಎಲ್ಲರ ಫೋನಿಗೂ ವೈಫೈ ಬಂತು, ಲ್ಯಾಪ್‌ಟಾಪಿಗೆ ಮಾತ್ರ ಬರಲಿಲ್ಲ. "ಅವನು ಸರಿ ಜೋಡಿಸಲಿಲ್ಲ" ಎಂದು ಅಕ್ಕ ತೀರ್ಪು ಕೊಟ್ಟಾಗಿತ್ತು. ನನಗೂ ಅದೇ ಸರಿ ಅನ್ನಿಸಿತು. ನಿನ್ನೆ ವಯರ್ ತುಂಡಾಗಿದೆ, ಇವತ್ತು ನೆಟ್ ಇಲ್ಲ. ಇನ್ನೇನು ಬೇಕು?

ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದೆ. ದೊಡ್ಡ ಅಕ್ಷರದಲ್ಲಿ "ನೋ ಇಂಟರ್ನೆಟ್" ಅಂತಿತ್ತು. ನಾನು ಓದಿದ್ದು ಅಷ್ಟೇ. ಕೆಳಗೆ ಬೂದು ಬಣ್ಣದಲ್ಲಿ ಇನ್ನೂ ಏನೋ ಇತ್ತು. ಅದನ್ನು ಯಾರು ಓದುತ್ತಾರೆ?

ಮೊದಲು ರೂಟರ್ ಆಫ್ ಮಾಡಿ, ಇಪ್ಪತ್ತು ಎಣಿಸಿ, ಆನ್ ಮಾಡಿದೆ. ನಮ್ಮ ಕಡೆ ಇದು ಜ್ವರಕ್ಕೆ ಗಂಜಿ ಇದ್ದ ಹಾಗೆ, ಯಾವ ಕಾಯಿಲೆಗೂ ಮೊದಲು ಅದೇ. ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ದಿನಾಂಕ, ಗಂಟೆ ಸರಿ ಇದೆಯಾ ನೋಡಿದೆ. ಅದು ತಪ್ಪಿದ್ದರೂ ಸೈಟುಗಳು ತೆರೆಯುವುದಿಲ್ಲ, ಆದರೆ ಆಗ ಬರುವುದು ಸರ್ಟಿಫಿಕೇಟಿನ ದೂರು. ಇಲ್ಲಿ ಗಂಟೆ ಸರಿಯಾಗಿಯೇ ಇತ್ತು. ವೈಫೈ ಮರೆತುಬಿಡು ಎಂದು ಹೇಳಿ, ಮತ್ತೆ ಪಾಸ್‌ವರ್ಡ್ ಹಾಕಿ ಸೇರಿಸಿದೆ. ಪಾಸ್‌ವರ್ಡಿಗಾಗಿ ಹಳೇ ಕ್ಯಾಲೆಂಡರಿನ ಹಿಂಬದಿ ಹುಡುಕಲು ಹತ್ತು ನಿಮಿಷ ಹೋಯಿತು. ಮತ್ತೂ ನೋ ಇಂಟರ್ನೆಟ್.

ಆಮೇಲೆ ನನ್ನ ಫೋನಿನ ಹಾಟ್‌ಸ್ಪಾಟಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಅಲ್ಲೂ ಅದೇ ಮಾತು. ಬುದ್ಧಿ ಇದ್ದವರಿಗೆ ಇಲ್ಲಿಗೇ ಉತ್ತರ ಸಿಗುತ್ತಿತ್ತು. ಎರಡು ಬೇರೆ ಬೇರೆ ದಾರಿಯಲ್ಲಿ ಹೋದರೂ ಮುಗ್ಗರಿಸಿದರೆ ತೊಂದರೆ ದಾರಿಯದ್ದಲ್ಲ, ಕಾಲಿನದ್ದು. ನಾನೇನು ಅಂದೆ ಗೊತ್ತಾ? "ಈ ಮಳೆಗೆ ಟವರೂ ಸರಿ ಇಲ್ಲ." ಹೇಳಿದ್ದು ಅದೇ ಫೋನಿನಲ್ಲಿ ವಾಟ್ಸಾಪ್ ವಿಡಿಯೋ ನೋಡುತ್ತಾ!

ಕೊನೆಗೆ ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದೆ. ಅದನ್ನು ತೆರೆದರೆ ನೋಡುವವರಿಗೆ ಗೌರವ ಜಾಸ್ತಿ. ಪಿಂಗ್ 8.8.8.8 ಎಂದು ಹೊಡೆದೆ. ಅದು ಗೂಗಲಿನ ಡಿಎನ್‌ಎಸ್ ಸರ್ವರಿನ, ಅಂದರೆ ಸೈಟಿನ ಹೆಸರಿಗೆ ನಂಬರ್ ಹುಡುಕಿಕೊಡುವ ಯಂತ್ರದ ವಿಳಾಸ, ನೆನಪಿಡಲು ಸುಲಭ. ನಾಲ್ಕು ಸಲ ಕೂಗಿದರೆ ನಾಲ್ಕು ಸಲವೂ ಓ ಅಂದಿತು. ಒಂದು ಪತ್ರಿಕೆಯ ಸೈಟಿನ ಹೆಸರು ಕೊಟ್ಟು ನೋಡಿದೆ. ಹೆಸರಿಗೆ ತಕ್ಕ ನಂಬರ್ ಹುಡುಕಿ, ಅದಕ್ಕೂ ಉತ್ತರ ತಂದುಕೊಟ್ಟಿತು. ಅಂದರೆ ಲ್ಯಾಪ್‌ಟಾಪಿನಿಂದ ಇಂಟರ್ನೆಟ್ಟಿಗೆ ದಾರಿ ಇದೆ, ಡಿಎನ್‌ಎಸ್ ಕೂಡ ಕೆಲಸ ಮಾಡುತ್ತಿದೆ. ಆದರೂ ಸುಮ್ನೆ ಡಿಎನ್‌ಎಸ್ ಫ್ಲಶ್ ಮಾಡಿದೆ. ಗೊತ್ತಿರುವ ಕಮಾಂಡ್ ಅದೊಂದೇ ಉಳಿದಿತ್ತು.

ಇಲ್ಲಿ ಒಂದು ಮಾತು. ಇಂಟರ್ನೆಟ್ ಉಂಟಾ ಇಲ್ಲವಾ ಎಂದು ಯಾವ ಯಂತ್ರಕ್ಕೂ ನೇರವಾಗಿ ಗೊತ್ತಾಗುವುದಿಲ್ಲ. ಬಾವಿಯಲ್ಲಿ ನೀರುಂಟಾ ಎಂದು ಕಲ್ಲು ಹಾಕಿ ಕಿವಿಗೊಡುತ್ತೇವಲ್ಲ, ಹಾಗೆ ಒಬ್ಬೊಬ್ಬರದ್ದು ಒಂದೊಂದು ಕಲ್ಲು. ವಿಂಡೋಸ್ ಒಂದು ಪುಟಾಣಿ ಫೈಲ್ ತರಿಸಿ ನೋಡುತ್ತದೆ. ಅದರೊಳಗೆ ಇರುವುದು "ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್" ಎಂಬ ಮೂರು ಪದ. ಅದು ಬಂದರೆ ಇಂಟರ್ನೆಟ್ ಉಂಟು ಎಂದು ಲೆಕ್ಕ. ಆಂಡ್ರಾಯ್ಡ್ ಫೋನ್ ಒಂದು ವಿಳಾಸಕ್ಕೆ ಹೋಗಿ 204 ಎಂಬ ಉತ್ತರ ಸಿಗುತ್ತದಾ ಎಂದು ನೋಡುತ್ತದೆ. 204 ಅಂದರೆ "ಸರಿ, ಕೊಡಲು ಏನೂ ಇಲ್ಲ" ಎಂದರ್ಥ. ಬ್ರೌಸರಿನ ಕಲ್ಲು ಇನ್ನೊಂದು. ಹಾಗಾಗಿ ಒಂದೇ ಮೇಜಿನ ಮೇಲೆ ಫೋನ್ ಉಂಟು ಎನ್ನುವುದು, ಬ್ರೌಸರ್ ಇಲ್ಲ ಎನ್ನುವುದು ವಿಚಿತ್ರವೇನಲ್ಲ. ಆವತ್ತು ನನಗೆ ಇದು ಹೊಳೆಯಲಿಲ್ಲ, ಬಿಡಿ. ನಾನು ಕೇಬಲಿನ ಹುಡುಗನಿಗೆ ಫೋನ್ ಮಾಡಿ, ಸ್ವಲ್ಪ ಜೋರಾಗಿಯೇ ಮಾತಾಡಿದೆ.

ಪಾಪ, ಅವನು ಮಳೆಯಲ್ಲೇ ಸ್ಕೂಟರಿನಲ್ಲಿ ಬಂದ. ರೈನ್‌ಕೋಟ್ ಕೂಡ ತೆಗೆಯಲಿಲ್ಲ. ಜಗಲಿಯಿಂದಲೇ ಗೋಡೆಯ ಪೆಟ್ಟಿಗೆ ನೋಡಿದ. "ಪಾನ್ ಲೈಟ್ ಹಸಿರು ಉಂಟಲ್ಲ ಸರ್. ಲಾಸ್ ಅಂತ ಕೆಂಪು ಬಂದಿದ್ರೆ ವಯರ್ ಕಟ್. ಕೆಂಪು ಇಲ್ಲ." ತನ್ನ ಫೋನಿಗೆ ವೈಫೈ ಹಾಕಿ ಸ್ಪೀಡ್ ತೋರಿಸಿದ. ಬೇಕಾದಷ್ಟು ಇತ್ತು. ನಾನು ಲ್ಯಾಪ್‌ಟಾಪ್ ತಿರುಗಿಸಿ ಅವನ ಮುಂದೆ ಹಿಡಿದೆ, ಸಾಕ್ಷಿ ಹಾಜರುಪಡಿಸುವ ವಕೀಲನ ಹಾಗೆ.

ಅವನು ಒಂದೇ ಪ್ರಶ್ನೆ ಕೇಳಿದ. "ಬೇರೆ ಬ್ರೌಸರ್ ಉಂಟಾ?"

ಒಂದು ಮೂಲೆಯಲ್ಲಿ ಫೈರ್‌ಫಾಕ್ಸ್ ಇತ್ತು. ತೆರೆದರೆ ಅಲ್ಲೂ ಪುಟ ಬರಲಿಲ್ಲ. ಆದರೆ ಅದರ ದೂರು ಬೇರೆ ಇತ್ತು, ಅದೂ ದೊಡ್ಡ ಅಕ್ಷರದಲ್ಲಿ. ಪ್ರಾಕ್ಸಿ ಸರ್ವರ್ ಕನೆಕ್ಷನ್ ತೆಗೆದುಕೊಳ್ಳಲು ಒಪ್ಪುತ್ತಿಲ್ಲ ಎಂದು. ಹುಡುಗ ನನ್ನ ಮುಖ ನೋಡಿದ. ನಾನು ಮೊದಲಿನ ಬ್ರೌಸರಿಗೆ ಹೋಗಿ ಆ ಬೂದು ಸಾಲುಗಳನ್ನು ಓದಿದೆ. ಪ್ರಾಕ್ಸಿ ಸರ್ವರಿನಲ್ಲಿ ಏನೋ ತೊಂದರೆ ಇದೆ, ಇಲ್ಲವೇ ವಿಳಾಸ ತಪ್ಪಿದೆ. ಎಲ್ಲಕ್ಕಿಂತ ಕೆಳಗೆ ಇನ್ನೂ ಸಣ್ಣದಾಗಿ "ಎರರ್ ಪ್ರಾಕ್ಸಿ ಕನೆಕ್ಷನ್ ಫೇಲ್ಡ್". ಎರಡು ಗಂಟೆಯಿಂದ ಅದು ಅಲ್ಲೇ ಇತ್ತು.

"ನಮ್ಮದು ತೊಂದರೆ ಇಲ್ಲ ಅಲ್ವಾ ಸರ್?" ಎಂದ. ಇಲ್ಲ ಎಂದೆ. ಅಕ್ಕ ಬಿಸಿ ಗೋಳಿಬಜೆ ಕೊಟ್ಟಳು. ನನ್ನ ಜೋರು ಮಾತಿಗೆ ಅದೇ ಪರಿಹಾರ ಎಂದುಕೊಂಡೆ.

ಪ್ರಾಕ್ಸಿ ನನಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ, ಬೇಸರ ಅದೇ. 2006ರಲ್ಲಿ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತೆರೆದು, ಟೂಲ್ಸ್, ಇಂಟರ್ನೆಟ್ ಆಪ್ಷನ್ಸ್, ಕನೆಕ್ಷನ್ಸ್, ಲ್ಯಾನ್ ಸೆಟ್ಟಿಂಗ್ಸ್ ಎಂದು ಹೋಗಿ ಪ್ರಾಕ್ಸಿ ವಿಳಾಸ ಹೊಡೆಯುವುದು ನಮಗೆ ಮಗ್ಗಿಯ ಹಾಗೆ ಬಾಯಿಪಾಠ. ಲ್ಯಾಬಿನ ಎಲ್ಲ ಕಂಪ್ಯೂಟರುಗಳ ಪರವಾಗಿ ಒಂದೇ ಯಂತ್ರ ಹೊರಗೆ ಹೋಗಿ ಪುಟ ತಂದುಕೊಡುತ್ತಿತ್ತು. ಅದು ಮಲಗಿದರೆ ಇಡೀ ಲ್ಯಾಬಿಗೆ ರಜೆ. ಮನೆಯ ಲ್ಯಾಪ್‌ಟಾಪಿಗೆ ಅಂಥದ್ದು ಬೇಕಾಗುವುದು ಅಪರೂಪ.

ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಇಂಟರ್ನೆಟ್, ಅದರೊಳಗೆ ಪ್ರಾಕ್ಸಿ. ಮ್ಯಾನ್ಯುಯಲ್ ಪ್ರಾಕ್ಸಿ ಆನ್ ಇತ್ತು. ವಿಳಾಸ 127.0.0.1. ನೋಡಿ ನಗು ಬಂತು. ಯಾವುದೇ ಕಂಪ್ಯೂಟರಿಗೆ 127.0.0.1 ಅಂದರೆ "ನಾನೇ". ಹೊರಗೆ ಹೋಗಬೇಕಾದರೆ ಯಾರನ್ನು ಕೇಳಬೇಕು ಎಂದರೆ ನನ್ನನ್ನೇ ಕೇಳಬೇಕು ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದರು. ಬ್ರೌಸರ್ ತನ್ನ ಮನೆಯ ಬಾಗಿಲನ್ನೇ ತಟ್ಟಿ, ಒಳಗೆ ಯಾರೂ ಇಲ್ಲ ಎಂದು ವಾಪಸ್ ಬಂದು ಇಂಟರ್ನೆಟ್ ಇಲ್ಲ ಅನ್ನುತ್ತಿತ್ತು. ಪಿಂಗಿಗೆ ಈ ಪ್ರಾಕ್ಸಿಯ ಹಂಗಿಲ್ಲ. ಅದು ನೆಟ್ಟಗೆ ಹೋಗಿ ಬರುತ್ತದೆ. ಹಾಟ್‌ಸ್ಪಾಟ್ ಹಾಕಿದರೂ ಸೆಟ್ಟಿಂಗ್ ಲ್ಯಾಪ್‌ಟಾಪಿನೊಳಗೇ ಇದ್ದ ಮೇಲೆ ಎಲ್ಲಿಗೆ ಹೋಗುತ್ತದೆ?

ಆಫ್ ಮಾಡಿದೆ. ಪುಟ ಬಂತು. ಅಕ್ಕನ ಮಗಳು ಮುಖ ತೊಳೆದು ಬಂದು ಕೂತಳು. ನನಗೆ ಅಲ್ಲಿಗೇ ನಿಲ್ಲಿಸಲು ಮನಸ್ಸಾಗಲಿಲ್ಲ. ರಾತ್ರಿ ಕರೆಂಟ್ ಹೋಗಿ ಬ್ಯಾಟರಿ ಮುಗಿದು ಮತ್ತೆ ಆನ್ ಮಾಡಿದಾಗ ಏನಾಗುತ್ತದೆ ಎಂದು ರೀಸ್ಟಾರ್ಟ್ ಮಾಡಿದೆ. ಪ್ರಾಕ್ಸಿ ಮತ್ತೆ ಆನ್. 127.0.0.1 ಏನೂ ಆಗದವರ ಹಾಗೆ ಅಲ್ಲೇ ಕೂತಿತ್ತು.

ಆಗ ನನ್ನ ಕಣ್ಣು ಅಕ್ಕನ ಮಗನ ಕಡೆ ಹೋಯಿತು. ಎಂಟನೇ ಕ್ಲಾಸು. ಅವನು ಮಾಡಿನ ಹೆಂಚು ಎಣಿಸುತ್ತಿದ್ದ.

"ಎಂತ ಹಾಕಿದ್ದಿ ಇದಕ್ಕೆ?"

"ಹಾಕಿದ್ದೆ. ಆದ್ರೆ ತೆಗ್ದೆ ಮಾವ."

ಒಂದು ಫ್ರೀ ವಿಪಿಎನ್, ಅಂದರೆ ನಮ್ಮನ್ನು ಇಂಟರ್ನೆಟ್ಟಿಗೆ ಬೇರೆ ಯಂತ್ರದ ದಾರಿಯಲ್ಲಿ ಕಳಿಸುವ ಆ್ಯಪ್. ಮನೆಯಲ್ಲಿ ಬ್ಲಾಕ್ ಮಾಡಿದ್ದ ಯಾವುದೋ ಗೇಮಿಗಾಗಿ. ಹಾಕಿದ್ದು ಹಿಂದಿನ ದಿನ ಮಧ್ಯಾಹ್ನ. ಸಂಜೆ ಅಕ್ಕ ನೋಡಿಬಿಡುತ್ತಾಳೆ ಎಂದು ತೆಗೆದ. ಅವನು ತೆಗೆದ ಸ್ವಲ್ಪ ಹೊತ್ತಿಗೆ ಮಡಲು ಬಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಇಲ್ಲಿ ಮುರಿದದ್ದು ನಿಜವಾದ ಮಡಲೇ. ಅದು ಬೀಳದಿದ್ದರೆ ಲ್ಯಾಪ್‌ಟಾಪಿನ ತೊಂದರೆ ಅವತ್ತೇ ಬೇರೆಯಾಗಿ ಕಾಣುತ್ತಿತ್ತು. ಕೇಬಲಿನ ಹುಡುಗ ಎರಡನೇ ಸಲ ನೆನೆಯಬೇಕಾಗಿರಲಿಲ್ಲ.

ವಿಪಿಎನ್ ಹೋಗಿತ್ತು, ಅದರ ಬಾಲ ಉಳಿದಿತ್ತು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಅದೇ ಹೆಸರಿನ ಒಂದು ಅಪ್‌ಡೇಟರ್ ಸಿಕ್ಕಿತು. ಕಂಪ್ಯೂಟರ್ ಏಳುವಾಗಲೆಲ್ಲ ಅದೂ ಎದ್ದು ಪ್ರಾಕ್ಸಿಯನ್ನು ಆನ್ ಮಾಡಿಡುತ್ತಿತ್ತು. ಆ ಬಾಗಿಲಿನ ಹಿಂದೆ ಉತ್ತರ ಕೊಡಬೇಕಾದವನು ಮಾತ್ರ ಮನೆ ಖಾಲಿ ಮಾಡಿ ಹೋಗಿದ್ದ. ಅದನ್ನು ನಿಲ್ಲಿಸಿ, ಅನ್‌ಇನ್‌ಸ್ಟಾಲ್ ಮಾಡಿ, ಪ್ರಾಕ್ಸಿ ಆಫ್ ಮಾಡಿ, ವೈರಸ್ ಸ್ಕ್ಯಾನ್ ಓಡಿಸಿ, ಎರಡು ಸಲ ರೀಸ್ಟಾರ್ಟ್ ಮಾಡಿ ನೋಡಿದೆ. ಮತ್ತೆ ಬರಲಿಲ್ಲ. ಬೇರೆಯವರ ದಾರಿ ತೋರಿಸಿ ನಮ್ಮನ್ನು ಪುಕ್ಕಟೆ ಕರೆದುಕೊಂಡು ಹೋಗುತ್ತೇನೆ ಎನ್ನುವ ಆ್ಯಪುಗಳ ಮೇಲೆ ನನಗೆ ಮೊದಲೂ ನಂಬಿಕೆ ಇರಲಿಲ್ಲ. ಅಕ್ಕನ ಮುಂದೆ ಅವನನ್ನು ಬಿಟ್ಟುಕೊಡಲಿಲ್ಲ. "ಏನೋ ಸೆಟ್ಟಿಂಗ್ ತಿರುಗಿತ್ತು" ಎಂದೆ. ಸುಳ್ಳೇನಲ್ಲ.

ಅಷ್ಟರಲ್ಲಿ ಭಾವ ತೋಟದಿಂದ ಬಂದರು. ಕೊಡೆ ಇದ್ದರೂ ಮೊಣಕಾಲವರೆಗೆ ಕೆಸರು. ಮರುದಿನದ ಕಷಾಯಕ್ಕೆ ಹಾಲೆ ಮರಕ್ಕೆ ದಾರ ಕಟ್ಟಿ ಬಂದಿದ್ದರು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಕ್ರಮ. ಕತ್ತಲಲ್ಲಿ ಹೋಗಬೇಕಾದ್ದರಿಂದ ಅವರು ಹಗಲಲ್ಲೇ ಮರ ನೋಡಿ ಗುರುತು ಮಾಡಿ ಬರುತ್ತಾರೆ. ಹಾಲೆ ಎಂದುಕೊಂಡು ಕಾಸರಕದ ತೊಗಟೆ ತಂದರೆ ಅದು ವಿಷ. ಕಥೆ ಕೇಳಿ ಭಾವ ಕಾಲು ತೊಳೆಯುತ್ತಾ ನಕ್ಕರು. "ನೀನು ಎರಡು ಗಂಟೆ ಕಾಸರಕವನ್ನೇ ಜಜ್ಜಿದ್ದಾ?"

ಅವರಿಗೆ ಉತ್ತರ ಕೊಡಲು ನನ್ನಲ್ಲಿ ಏನೂ ಇರಲಿಲ್ಲ.

ರಾತ್ರಿ ಹನ್ನೊಂದೂವರೆವರೆಗೆ ಕಾಲೇಜುಗಳ ಪಟ್ಟಿ ನಡೆಯಿತು. ಅಕ್ಕನಿಗೆ ಮಗಳು ಮಣಿಪಾಲ, ನಿಟ್ಟೆ ಕಡೆಯೇ ಇರಬೇಕು. ಮಗಳಿಗೆ ಬೆಂಗಳೂರು ಬೇಕು. ಮೂರು ಸಲ ಮೇಲೆ ಕೆಳಗೆ ಆಯಿತು. ಭಾವ ಕೂತಲ್ಲೇ ತೂಕಡಿಸಿದರು. ನಾನು ಪ್ರತಿ ಅರ್ಧ ಗಂಟೆಗೆ ಪ್ರಾಕ್ಸಿ ಪುಟ ತೆಗೆದು ನೋಡುತ್ತಿದ್ದೆ. ಬೆಳಿಗ್ಗೆ ನಸುಕಿನಲ್ಲಿ ಕಹಿ ಕಷಾಯ ಕುಡಿದು, ಬೆಲ್ಲ ಕಚ್ಚಿ, ಮೆಂತೆ ಗಂಜಿ ಉಂಡು, ಒಂಬತ್ತು ಗಂಟೆಗೆ ಅವಳು ಕೊನೆಯ ಬಾರಿ ಸೇವ್ ಮಾಡಿದಳು. ಪಟ್ಟಿ ಪ್ರಿಂಟ್ ತೆಗೆಯಬೇಕಿತ್ತು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಅದನ್ನು ಮಾತ್ರ ನಾನು ಒಂದೇ ನಿಮಿಷದಲ್ಲಿ ಸರಿ ಮಾಡಿದೆ.

ಲ್ಯಾಪ್‌ಟಾಪ್ ಖಾಲಿಯಾಯಿತು. ಅಕ್ಕನ ಮಗ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಗೇಮ್ ಹೋಗಿದೆ, ಪಾಪ ಅನ್ನಿಸಿತು. ಹತ್ತಿರ ಕರೆದು, ಮೇಲಿನ ಪಟ್ಟಿಯಲ್ಲಿ ಕ್ರೋಮ್ ಎಂದು ಬರೆದು, ಕೋಲನ್, ಎರಡು ಓರೆಗೆರೆ, ಡೈನೋ ಎಂದು ಹೊಡೆದು ತೋರಿಸಿದೆ. 2014ರಲ್ಲಿ ಬಂದ ಅದೇ ಡೈನೋಸಾರ್. ಈ ವಿಳಾಸ ಕೊಟ್ಟರೆ ಇಂಟರ್ನೆಟ್ ಇದ್ದಾಗಲೂ ಬರುತ್ತದೆ. ವಯರ್ ತುಂಡಾಗಬೇಕಾಗಿಲ್ಲ.

ಅವನು ಒಮ್ಮೆ ಪರದೆ ನೋಡಿದ, ಒಮ್ಮೆ ನನ್ನನ್ನು ನೋಡಿದ.

"ನೆಟ್ ಇರುವಾಗ ಅದನ್ನು ಯಾರು ಆಡ್ತಾರೆ ಮಾವ?"